ದಯಾಮರಣದ ಕಾನೂನಿಗೆ ಈ ಕಾವಲು ಸಾಕೇ?

ವೈದ್ಯರ ನೆರವಿನಿಂದ ಸಾಯಲು ಕೆಲವು ದೇಶಗಳ ಕಾನೂನು ಒಪ್ಪಿಗೆ ಕೊಟ್ಟಿದೆ. ದುರುಪಯೋಗ ಆಗದಿರಲೆಂದು ಅಲ್ಲಿ ಮಾಡಿಕೊಂಡಿರುವ ನಿಯಮಗಳೂ ಪರಿಶೀಲನಾ ಸಮಿತಿಗಳೂ ರೋಗಿಯನ್ನು ನಿಜಕ್ಕೂ ಕಾಯುತ್ತಿವೆಯೇ? ಇಬ್ಬರು ಬರೆದಿದ್ದಾರೆ.

ಪರ: ಕತ್ತಲಲ್ಲಿ ನಡೆಯುತ್ತಿದ್ದುದು ಕಡತಕ್ಕೆ ಬಂದಿದೆ

ಈ ಚರ್ಚೆಯಲ್ಲಿ ಕಾನೂನಿನ ಪರವಾಗಿ ಬರೆಯಿರಿ ಎಂದು ಕೇಳಿದಾಗ ನಾನು ತಕ್ಷಣ ಹೂಂ ಅನ್ನಲಿಲ್ಲ. ಸಾವು ಸಮೀಪದಲ್ಲಿ ಇಲ್ಲದವರಿಗೂ ಅವಕಾಶ ಕೊಟ್ಟ ಕೆನಡಾದ 2021ರ ತಿದ್ದುಪಡಿಯನ್ನು ಸಮರ್ಥಿಸುವುದು ನನ್ನಿಂದ ಆಗದು. ಅದನ್ನು ಬದಿಗಿಟ್ಟೇ ಬರೆಯುತ್ತೇನೆ. ಆದರೆ ಈ ನಿಯಮಗಳೆಲ್ಲ ಬರೀ ಕಣ್ಣೊರೆಸುವ ತಂತ್ರ ಎಂಬ ಮಾತನ್ನು, ಬಹುಕಾಲ ಕಾನೂನು ಪಾಠ ಹೇಳಿಕೊಂಡು ಬಂದವನಾಗಿ, ನಾನು ಒಪ್ಪಲಾರೆ.

ಕಾನೂನು ಇಲ್ಲದಿದ್ದಾಗ ಏನು ನಡೆಯುತ್ತಿತ್ತು ಎಂಬುದನ್ನು ಮೊದಲು ನೋಡೋಣ. ನೆದರ್‌ಲೆಂಡ್ಸ್‌ನ ವೈದ್ಯೆ ಗೆರ್ಟ್ರೂಡಾ ಪೋಸ್ಟ್‌ಮಾ ತಮ್ಮ ತಾಯಿಗೆ ಮಾರ್ಫಿನ್ ಇಂಜೆಕ್ಷನ್ ಕೊಟ್ಟು ಸಾಯಿಸಿದರು. 1973ರಲ್ಲಿ ಲೇವಾರ್ಡನ್‌ನ ಕೋರ್ಟು ಅವರನ್ನು ತಪ್ಪಿತಸ್ಥೆ ಎಂದಿತು. ಆದರೆ ವಿಧಿಸಿದ್ದು ಒಂದು ವಾರದ ಜೈಲು, ಅದೂ ಅಮಾನತಿನಲ್ಲಿ. ಮುಂದಿನ ಸುಮಾರು ಮೂವತ್ತು ವರ್ಷ ಅಲ್ಲಿನ ವೈದ್ಯರು ಇದು ಅಪರಾಧವೂ ಹೌದು, ಶಿಕ್ಷೆಯೂ ಇಲ್ಲ ಎಂಬ ಅತಂತ್ರ ಸ್ಥಿತಿಯಲ್ಲೇ ಕೆಲಸ ಮಾಡಿದರು. ಕೆಲವರು ವರದಿ ಮಾಡಿದರು. ಹೆಚ್ಚಿನವರು ಸಹಜ ಸಾವು ಎಂದು ಬರೆದು ಸಹಿ ಹಾಕಿ ಮನೆಗೆ ಹೋದರು. ವೈದ್ಯರ ಹೆಸರು ಹೊರಬಾರದೆಂಬ ಭರವಸೆ ಕೊಟ್ಟು 1990ರಲ್ಲಿ ಸರ್ಕಾರ ಒಂದು ಸಮೀಕ್ಷೆ ಮಾಡಿಸಿತು. ಅಧಿಕಾರಿಗಳಿಗೆ ವರದಿಯಾಗುತ್ತಿದ್ದ ದಯಾಮರಣ ಪ್ರಕರಣಗಳು ನೂರಕ್ಕೆ 18 ಮಾತ್ರ ಎಂದು ಅದರಿಂದ ಗೊತ್ತಾಯಿತು. 2002ರ ಏಪ್ರಿಲ್ 1ರಂದು ಕಾನೂನು ಜಾರಿಗೆ ಬಂತು. 2005ರ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ ನೂರಕ್ಕೆ 80ಕ್ಕೆ ಏರಿತ್ತು. ರೋಗಿ ಸ್ಪಷ್ಟವಾಗಿ ಕೇಳದಿದ್ದರೂ ವೈದ್ಯರೇ ಜೀವ ಮುಗಿಸಿದ ಪ್ರಕರಣಗಳು 1990ರಲ್ಲಿ ಒಟ್ಟು ಸಾವುಗಳ ಶೇ 0.8ರಷ್ಟು ಇದ್ದದ್ದು 2005ರಲ್ಲಿ ಶೇ 0.4ಕ್ಕೆ ಇಳಿದಿತ್ತು. ಕಾನೂನು ಬಂದರೆ ಅನ್ಯಾಯ ಹೆಚ್ಚುತ್ತದೆ ಎನ್ನುವವರು ಈ ಎರಡು ಅಂಕಿಗಳಿಗೆ ಮೊದಲು ಉತ್ತರ ಕೊಡಲಿ.

ಕಾವಲು ಎಂದರೆ ಏನೇನು? ಅಮೆರಿಕದ ಒರೆಗಾನ್ ರಾಜ್ಯದ ಕಾನೂನು 1997ರಿಂದ ನಡೆಯುತ್ತಿದೆ. ಆರು ತಿಂಗಳೊಳಗೆ ಸಾವು ಖಚಿತ ಎಂದು ಇಬ್ಬರು ವೈದ್ಯರು ಹೇಳಬೇಕು. ರೋಗಿ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಬಾಯಿಮಾತಿನಲ್ಲಿ, ಒಂದು ಸಲ ಇಬ್ಬರು ಸಾಕ್ಷಿಗಳ ಮುಂದೆ ಬರವಣಿಗೆಯಲ್ಲಿ ಕೇಳಬೇಕು. ಅಷ್ಟು ದಿನ ಬದುಕುವ ಸಂಭವವೇ ಇಲ್ಲದವರಿಗೆ ಕಾಯುವ ಅವಧಿಯಿಂದ ವಿನಾಯಿತಿ ಕೊಟ್ಟದ್ದು 2020ರಿಂದ ಈಚೆಗೆ. ಔಷಧಿಯನ್ನು ರೋಗಿ ತಾನೇ ಕುಡಿಯಬೇಕು, ವೈದ್ಯರು ಕುಡಿಸುವಂತಿಲ್ಲ. ಔಷಧಿ ಬರೆಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಅದನ್ನು ಕುಡಿಯುವುದೇ ಇಲ್ಲ. ಬೇಕಾದರೆ ಒಂದು ದಾರಿ ಇದೆ ಎಂಬ ಧೈರ್ಯ ಸಿಕ್ಕಿದ್ದೇ ಅವರಿಗೆ ಸಾಕಾಗಿರಬೇಕು ಎಂದು ನನ್ನ ಅನಿಸಿಕೆ. ಇಂದು ಕ್ಯಾನ್ಸರ್ ರೋಗಿ, ನಾಳೆ ಮುಪ್ಪಾದವರು, ನಾಡಿದ್ದು ಯಾರಿಗೂ ಬೇಡವಾದವರು ಎಂದು ಹೆದರಿಸುವವರು ಒರೆಗಾನ್ ಕಡೆ ನೋಡಬೇಕು. ಅಲ್ಲಿ ಆರು ತಿಂಗಳ ಗಡಿ ಕಾಲು ಶತಮಾನ ಕಳೆದರೂ ಕದಲಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ಇನ್ನೂ ಬಿಗಿ. 2017ರಲ್ಲಿ ಅಲ್ಲಿ ಕಾನೂನು ಮಾಡುವಾಗ 68 ರಕ್ಷಣಾ ನಿಯಮಗಳಿವೆ ಎಂದು ಸರ್ಕಾರವೇ ಹೇಳಿಕೊಂಡಿತು. ವೈದ್ಯರು ತಾವಾಗಿಯೇ ಈ ವಿಷಯ ಎತ್ತುವಂತಿರಲಿಲ್ಲ, ರೋಗಿಯೇ ಮೊದಲು ಕೇಳಬೇಕಿತ್ತು. ಔಷಧಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು. ಬಳಸದೆ ಉಳಿದರೆ ವಾಪಸು ಕೊಡಿಸುವ ಹೊಣೆಯನ್ನು ಒಬ್ಬ ವ್ಯಕ್ತಿ ಹೊತ್ತಿರಬೇಕು.

ಸಮಿತಿಗಳು ಯಾರನ್ನೂ ಹಿಡಿಯುವುದಿಲ್ಲ ಎಂಬ ಆರೋಪವೂ ಇದೆ. ನೆದರ್‌ಲೆಂಡ್ಸ್‌ನಲ್ಲಿ ಐದು ಪ್ರಾದೇಶಿಕ ಸಮಿತಿಗಳಿವೆ. ಒಂದೊಂದರಲ್ಲೂ ಕಾನೂನು ತಜ್ಞರು, ವೈದ್ಯರು, ನೀತಿಶಾಸ್ತ್ರ ಬಲ್ಲವರು ಇರುತ್ತಾರೆ. 2016ರಲ್ಲಿ ಮರೆವಿನ ಕಾಯಿಲೆಯಿದ್ದ 74 ವರ್ಷದ ಮಹಿಳೆಗೆ ವೈದ್ಯೆಯೊಬ್ಬರು, ಆಕೆ ಹಿಂದೆ ಬರೆದಿಟ್ಟ ಕೋರಿಕೆಯ ಆಧಾರದ ಮೇಲೆ, ಕಾಫಿಯಲ್ಲಿ ನಿದ್ರೆಯ ಔಷಧಿ ಬೆರೆಸಿ ಕೊಟ್ಟು ದಯಾಮರಣ ನೀಡಿದರು. ಆಕೆ ಮಧ್ಯೆ ಎದ್ದಾಗ ಮನೆಯವರು ಹಿಡಿದುಕೊಂಡರು. ಸಮಿತಿ ಇದನ್ನು ತಪ್ಪು ಎಂದಿತು. ಪ್ರಕರಣ ಕೋರ್ಟಿಗೆ ಹೋಯಿತು. 2019ರಲ್ಲಿ ಖುಲಾಸೆಯಾಯಿತು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ತೀರ್ಪು ಕೆಲವರಿಗೆ ಹಿಡಿಸದೆ ಇರಬಹುದು. ಆದರೆ ಆ ಕಾಫಿಯ ವಿಷಯ ಜಗತ್ತಿಗೆ ಗೊತ್ತಾದದ್ದು ಹೇಗೆ? ವರದಿ ಕೊಡಲೇಬೇಕು ಎಂಬ ನಿಯಮ ಇತ್ತು, ವೈದ್ಯೆ ಕೊಟ್ಟರು, ಸಮಿತಿ ಓದಿತು. ಹಳೆಯ ಕಾಲವಾಗಿದ್ದರೆ ಸಹಜ ಸಾವು ಎಂಬ ಎರಡು ಶಬ್ದದಲ್ಲಿ ಅದು ಮುಗಿದುಹೋಗುತ್ತಿತ್ತು.

ಮನೆಯವರಿಗೆ ಹೊರೆಯಾಗುತ್ತೇನೆ ಎಂಬ ಕೊರಗಿನಿಂದ ಕೆಲವರು ಸಾವು ಕೇಳುತ್ತಾರೆ ಎಂಬ ಮಾತು ಬರುತ್ತದೆ. ಇರಬಹುದು. ಆ ಕೊರಗನ್ನು ಕಾನೂನು ಹುಟ್ಟಿಸಿಲ್ಲ, ಕಾನೂನು ರದ್ದಾದರೆ ಅದು ಹೋಗುವುದೂ ಇಲ್ಲ.

ಎಲ್ಲವೂ ಸರಿಯಾಗಿದೆ ಎಂದು ನಾನೂ ಹೇಳುವುದಿಲ್ಲ. ಸತ್ತ ಮೇಲೆ ನಡೆಯುವ ಪರಿಶೀಲನೆಗಿಂತ ಮೊದಲೇ ನಡೆಯುವ ಪರಿಶೀಲನೆ ಮೇಲು. ಸ್ಪೇನ್ 2021ರ ಕಾನೂನಿನಲ್ಲಿ ಅದನ್ನೇ ಮಾಡಿದೆ. ಅಲ್ಲಿ ಆಯೋಗದ ಇಬ್ಬರು ಸದಸ್ಯರು, ಒಬ್ಬ ವೈದ್ಯರು ಮತ್ತು ಒಬ್ಬ ಕಾನೂನು ತಜ್ಞರು, ಕಡತ ನೋಡಿ ಒಪ್ಪಿದ ಮೇಲಷ್ಟೇ ಮುಂದಿನ ಹೆಜ್ಜೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ತಂದ ಮಸೂದೆ 2025ರ ಜೂನ್ 20ರಂದು ಬ್ರಿಟನ್ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನಲ್ಲಿ 314–291 ಮತಗಳಿಂದ ಅಂಗೀಕಾರವಾಯಿತು. ಅದರಲ್ಲಿ ಕಾನೂನು ತಜ್ಞರು, ಮನೋವೈದ್ಯರು, ಸಮಾಜ ಕಾರ್ಯಕರ್ತರು ಸೇರಿದ ಮೂವರ ತಂಡ ಮೊದಲೇ ಒಪ್ಪಿಗೆ ಕೊಡಬೇಕು ಎಂದಿತ್ತು. ಉಳಿದ ದೇಶಗಳೂ ಈ ಕ್ರಮಕ್ಕೆ ಬರಬೇಕು.

ವಿರೋಧ: ಸಮಿತಿ ಕಡತ ತೆರೆಯುವ ಹೊತ್ತಿಗೆ ರೋಗಿ ಇರುವುದಿಲ್ಲ

ನೆದರ್‌ಲೆಂಡ್ಸ್‌ನಲ್ಲಿ 2023ರಲ್ಲಿ 9,068 ದಯಾಮರಣಗಳು ವರದಿಯಾದವು. ನಿಯಮ ಪಾಲನೆಯಾಗಿಲ್ಲ ಎಂದು ಸಮಿತಿಗಳು ಹೇಳಿದ್ದು ಐದು ಪ್ರಕರಣಗಳಲ್ಲಿ. ಇದನ್ನು ಕಾವಲಿನ ಯಶಸ್ಸು ಎಂದು ತೋರಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಆ 9,068 ಜನರಲ್ಲಿ ಒಬ್ಬರನ್ನೂ ಸಮಿತಿ ಕಂಡಿಲ್ಲ, ಮಾತಾಡಿಸಿಲ್ಲ. ಅದು ಓದಿದ್ದು ಜೀವ ತೆಗೆದ ವೈದ್ಯರೇ ಬರೆದುಕೊಟ್ಟ ವರದಿಯನ್ನು, ಎರಡನೆಯ ವೈದ್ಯರು ಬರೆದ ಅಭಿಪ್ರಾಯವನ್ನು. ಸತ್ತವರ ಕಡೆಯ ಮಾತು ಹೇಳಲು ಅಲ್ಲಿ ಯಾರೂ ಇಲ್ಲ.

ಕಾಫಿಯ ಪ್ರಕರಣವನ್ನು ಕಾನೂನಿನ ಪರ ಮಾತಾಡುವವರು ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬಂದ 2020ರಲ್ಲೇ ಸಮಿತಿಗಳು ತಮ್ಮ ಮಾರ್ಗಸೂಚಿಯನ್ನು ತಿದ್ದಿದವು. ತೀವ್ರ ಮರೆವಿನ ರೋಗಿ ಗಾಬರಿಯಾಗಬಹುದು ಎನಿಸಿದರೆ ವೈದ್ಯರು ಮೊದಲೇ ನಿದ್ರೆಯ ಔಷಧಿ ಕೊಡಬಹುದು ಎಂದು ಸೇರಿಸಿದವು. ಒಂದು ಕಾಲದಲ್ಲಿ ತಪ್ಪು ಎಂದು ಸಮಿತಿಯೇ ಹಿಡಿದ ಕೆಲಸ, ಈಗ ಹೇಗೆ ಮಾಡಬೇಕೆಂದು ಅದೇ ಸಮಿತಿ ಹೇಳಿಕೊಡುವ ಕೆಲಸವಾಯಿತು.

ಬೆಲ್ಜಿಯಂನದು ಇನ್ನೂ ಕಷ್ಟದ ಕಥೆ. ಅಲ್ಲಿ 2002ರ ಕಾನೂನಿನಂತೆ ಹದಿನಾರು ಸದಸ್ಯರ ಒಂದು ಆಯೋಗವಿದೆ. ಒಂದು ಪ್ರಕರಣವನ್ನು ಪ್ರಾಸಿಕ್ಯೂಟರ್‌ಗೆ ಕಳಿಸಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಮೊದಲ ಸಲ ಹಾಗೆ ಕಳಿಸಿದ್ದು 2015ರಲ್ಲಿ, ಕಾನೂನು ಬಂದು ಹದಿಮೂರು ವರ್ಷಕ್ಕೆ. 2012ರಲ್ಲಿ ದೀರ್ಘಕಾಲದ ಖಿನ್ನತೆಯಿಂದ ನರಳುತ್ತಿದ್ದ ಒಬ್ಬ ತಾಯಿಗೆ ದಯಾಮರಣವಾಯಿತು. ಮಗನಿಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆತ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದ. ಇಂಜೆಕ್ಷನ್ ಕೊಟ್ಟ ವೈದ್ಯರು ಆ ಆಯೋಗದ ಸಹ ಅಧ್ಯಕ್ಷರೂ ಆಗಿದ್ದರು. ವರದಿಯಲ್ಲಿ ಹೆಸರು ಮುಚ್ಚಿರುವುದರಿಂದ ಸದಸ್ಯರು ತಮ್ಮದೇ ಪ್ರಕರಣ ಬಂದಾಗ ಎದ್ದು ಹೊರಗೆ ಹೋಗುವ ಬದಲು ಸುಮ್ಮನೆ ಕುಳಿತಿದ್ದರೆ ಸಾಕು ಎಂಬ ರೂಢಿ ಅಲ್ಲಿತ್ತು. ಆ ಪರಿಶೀಲನೆ ಸ್ವತಂತ್ರವಾಗಿರಲಿಲ್ಲ, ಆ ಮಟ್ಟಿಗೆ ಜೀವಿಸುವ ಹಕ್ಕಿನ ಉಲ್ಲಂಘನೆಯಾಗಿದೆ ಎಂದು 2022ರ ಅಕ್ಟೋಬರ್ 4ರಂದು ನ್ಯಾಯಾಲಯ ಹೇಳಿತು. ಹತ್ತು ವರ್ಷ ಹೋರಾಡಲು ಒಬ್ಬ ಮಗನಿದ್ದದ್ದಕ್ಕೆ ಇಷ್ಟಾದರೂ ಹೊರಬಂತು. ಕೇಳುವವರಿಲ್ಲದವರ ಕಡತಗಳು ಅಲ್ಲಿ ಎಷ್ಟು ಮುಚ್ಚಿಕೊಂಡಿವೆಯೋ.

ಇದನ್ನೆಲ್ಲ ನಾನು ಓದಲು ಶುರು ಮಾಡಿದ್ದು ಅಮ್ಮನ ಕಾಯಿಲೆಯ ಕಾಲದಲ್ಲಿ. ಆಕೆಗೆ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ವಾಸಿಯಾಗುವುದಿಲ್ಲ ಎಂದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಒಂದು ದಿನ ಡಾಕ್ಟರು ನೋಡಲು ಬಂದಾಗ, ಹೊದಿಕೆಯ ಅಂಚನ್ನು ಬೆರಳಿನಿಂದ ನೇವರಿಸುತ್ತಾ, “ಡಾಕ್ಟ್ರೇ, ನಂಗೆ ಸಾಕಾಗಿದೆ. ಬೇಗ ಹೋಗೋ ಹಾಗೆ ಏನಾದ್ರೂ ಕೊಟ್ಬಿಡಿ” ಅಂದಳು. ಅಳಲಿಲ್ಲ, ದನಿ ನಡುಗಲಿಲ್ಲ. ಮುಂದಿನ ಸಲ ಅವರು ಬಂದಾಗಲೂ ಅದೇ ಮಾತು. ಅದರ ಮುಂದಿನ ಸಲವೂ. ಯಾರಾದರೂ ಹೀಗೆ ಹೇಳಿಸುತ್ತಿದ್ದಾರಾ ಎಂದು ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕಳಿಸಿ ಕೇಳಿದರಂತೆ. ಇಲ್ಲ, ಮಕ್ಕಳು ಚಿನ್ನದಂಥವರು ಎಂದಳಂತೆ. ಅದು ಸುಳ್ಳಾಗಿರಲಿಲ್ಲ.

ಒರೆಗಾನ್‌ನ ಫಾರಂ ಆ ದಿನ ಆಕೆಯ ಮುಂದಿದ್ದಿದ್ದರೆ ಪ್ರತಿ ಪ್ರಶ್ನೆಗೂ ಸರಿಯಾದ ಉತ್ತರ ಸಿಗುತ್ತಿತ್ತು. ಬುದ್ಧಿ ಸ್ಥಿಮಿತದಲ್ಲಿದೆಯೇ? ಇದೆ. ಕಾಯಿಲೆಯ ಅರಿವಿದೆಯೇ? ಇದೆ. ಪದೇ ಪದೇ ಕೇಳಿದ್ದಾರೆಯೇ? ಕೇಳಿದ್ದಾರೆ. ಒತ್ತಾಯವಿದೆಯೇ? ಇಲ್ಲ. ಇಬ್ಬರಲ್ಲ, ಹತ್ತು ವೈದ್ಯರು ಬಂದರೂ ಸಹಿ ಹಾಕುತ್ತಿದ್ದರು.

ಆ ವಾರ ರಾತ್ರಿ ಮಾತ್ರೆ ಕೊಡಲು ಹೋದಾಗ ಅಮ್ಮ ಖಾಲಿಯಾದ ಮಾತ್ರೆ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬೆಲೆ ಓದಲು ಪ್ರಯತ್ನಿಸುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅಣ್ಣ ಫೋನಿನಲ್ಲಿ ಆಫೀಸಿನವರ ಹತ್ತಿರ ರಜೆಯ ಮಾತಾಡುತ್ತಿದ್ದ. ಉಳಿದಿರುವುದು ಎಷ್ಟು, ಸಂಬಳ ಕಡಿತವಾಗುತ್ತದೆಯೇ, ಇನ್ನೊಂದು ತಿಂಗಳು ಮುಂದುವರಿಸಬಹುದೇ ಎಂದೆಲ್ಲ. ಅವನ ಮೇಲೆ ತಪ್ಪು ಹೊರಿಸಲು ಏನೂ ಇಲ್ಲ. ಅಮ್ಮನ ಬೆನ್ನಿನ ಹುಣ್ಣು ತೊಳೆಯುತ್ತಿದ್ದವನೂ ಅವನೇ. ಅಮ್ಮ ಗೋಡೆಯ ಕಡೆ ನೋಡಿ, “ನಾನು ಹೋದ್ರೆ ಅವ್ನಿಗೆ ರಜೆ ಉಳಿಯುತ್ತೆ” ಅಂದಳು. ಅವಳ ಹಾಸಿಗೆಯ ತಲೆದಿಂಬು ಆ ಗೋಡೆಗೇ ತಾಗಿತ್ತು. ಆ ಕೋಣೆಯ ಪ್ರತಿಯೊಂದು ಮಾತೂ ಕೇಳುತ್ತಿತ್ತು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಪ್ಯಾಲಿಯೇಟಿವ್ ಕೇರ್‌ನ, ಅಂದರೆ ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಆರೈಕೆಯ, ನರ್ಸ್ ಒಬ್ಬರು ಮನೆಗೆ ಬರಲು ಶುರು ಮಾಡಿದರು. ಬಂದವರೇ ಔಷಧಿಯ ಚೀಟಿಗಿಂತ ಮೊದಲು ಕೋಣೆ ನೋಡಿದರು. ಬೆಳಗಿನ ಜಾವ ನೋವು ಏರುತ್ತದೆ ಎಂದು ಕೇಳಿ ತಿಳಿದು, ಡಾಕ್ಟರ ಹತ್ತಿರ ಮಾತಾಡಿ ಮಾರ್ಫಿನ್‌ನ ಹೊತ್ತು ಬದಲಿಸಿದರು. ಮಂಚವನ್ನು ಕಿಟಕಿಯಿರುವ ಕೋಣೆಗೆ ಸರಿಸಿದೆವು. ಅಣ್ಣನ ಜೊತೆ ಕೂತು, ಯಾರು ಯಾವಾಗ ಇರುತ್ತಾರೆ ಎಂದು ಒಂದು ಪಟ್ಟಿ ಮಾಡಿ, ಅದನ್ನು ಅಮ್ಮನಿಗೂ ಓದಿ ಹೇಳಿದರು. ಸಾಕಾಗಿದೆ ಎಂಬ ಮಾತು ಆಮೇಲೆ ಆಕೆಯ ಬಾಯಲ್ಲಿ ಬರಲಿಲ್ಲ. ಪೇಪರ್ ಓದಿಸಿಕೊಳ್ಳುತ್ತಿದ್ದಳು, ನಾನು ಸಾಲು ಹಾರಿಸಿದರೆ ಹಿಡಿಯುತ್ತಿದ್ದಳು. ಕಾಯಿಲೆ ತನ್ನ ಹೊತ್ತಿಗೆ ಆಕೆಯನ್ನು ಕರೆದುಕೊಂಡು ಹೋಯಿತು. ಕೊನೆಯ ದಿನಗಳು ಸುಲಭವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಆದರೆ ಆಕೆ ಡಾಕ್ಟರ ಹತ್ತಿರ ಕೇಳಿದ ಸಾವು, ಮಗನ ರಜೆ ಉಳಿಸಲು ಕೇಳಿದ ಸಾವು. ಅದನ್ನು ಯಾವ ಸಮಿತಿ ಕಂಡುಹಿಡಿಯುತ್ತಿತ್ತು?

ಕೊರಗನ್ನು ಕಾನೂನು ಹುಟ್ಟಿಸಿಲ್ಲ ಎನ್ನುತ್ತಾರೆ. ಹುಟ್ಟಿಸಿಲ್ಲ, ನಿಜ. ಅದರ ಕೈಗೆ ಔಷಧಿ ಕೊಟ್ಟಿದೆ. ಒರೆಗಾನ್‌ನ 2023ರ ವರದಿ ನೋಡಿ. ಆ ವರ್ಷ 560 ಜನರಿಗೆ ಔಷಧಿ ಬರೆದುಕೊಟ್ಟರು. ಔಷಧಿ ಕುಡಿದು ತೀರಿಕೊಂಡವರು 367. ಅವರಲ್ಲಿ ನೂರಕ್ಕೆ 43 ಮಂದಿ ಮನೆಯವರಿಗೆ ಹೊರೆಯಾಗುವ ಚಿಂತೆಯನ್ನು ಹೇಳಿಕೊಂಡಿದ್ದರು. ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದ್ದು ಮೂವರನ್ನು. ನೂರಕ್ಕೆ ಮೂವರಲ್ಲ, ಒಟ್ಟು ಮೂವರು. ಔಷಧಿ ಕುಡಿಯುವಾಗ ಪಕ್ಕದಲ್ಲಿ ಯಾರಾದರೂ ಇರಲೇಬೇಕು ಎಂಬ ನಿಯಮ ಆ ಕಾನೂನಿನಲ್ಲಿ ಇಲ್ಲ. ಒತ್ತಾಯವಿತ್ತೇ, ಕೊನೇ ಗಳಿಗೆಯಲ್ಲಿ ಬೇಡ ಎಂದರೇ ಎಂಬುದು ಯಾರಿಗೂ ತಿಳಿಯುವ ದಾರಿ ಇಲ್ಲ.

ಬೀಗದ ಪೆಟ್ಟಿಗೆಯ ಮಾತಿಗೂ ಉತ್ತರವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್‌ನಲ್ಲಿ 2023ರಲ್ಲಿ ಒಬ್ಬ ಮಹಿಳೆಗೆಂದು ಔಷಧಿ ಮನೆಗೆ ಬಂದಿತ್ತು. ಆಕೆ ಅದನ್ನು ಕುಡಿಯುವ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ವಾಪಸು ಕೊಡುವ ಹೊಣೆ ಹೊತ್ತಿದ್ದವರು ಆಕೆಯ ಗಂಡ. ಅದಕ್ಕೆ ಕಾನೂನು ಅವರಿಗೆ ಹದಿನಾಲ್ಕು ದಿನ ಕೊಟ್ಟಿತ್ತು. ಹೆಂಡತಿಯನ್ನು ಆಗಷ್ಟೇ ಕಳೆದುಕೊಂಡ ಆ ಮುದುಕ ಔಷಧಿಯನ್ನು ತಾನೇ ಕುಡಿದು ಸತ್ತರು. ಆ ಔಷಧಿ ಅವರ ಕೈಯಲ್ಲಿ ಉಳಿಯಲು ಬಿಟ್ಟದ್ದು ಆ ನಿಯಮವೇ.

ಕೆನಡಾವನ್ನು ಬದಿಗಿಟ್ಟು ಬರೆಯುತ್ತೇನೆ ಎನ್ನುವುದು ಬಹಳ ಅನುಕೂಲದ ಮಾತು. ಯಾಕೆ ಬದಿಗಿಡಬೇಕು? 2016ರಲ್ಲಿ ಅಲ್ಲಿಯೂ ಗಡಿ ಇತ್ತು, ಸಾವು ಸಮೀಪದಲ್ಲಿರಬೇಕು ಎಂದಿತ್ತು. ಐದು ವರ್ಷಕ್ಕೆ ಅದನ್ನು ಕಿತ್ತರು. ಸಾವು ಹತ್ತಿರವಿಲ್ಲದವರಿಗೆ 90 ದಿನದ ಪರೀಕ್ಷಾ ಅವಧಿ ಇಟ್ಟರು. ವೀಲ್‌ಚೇರ್‌ನಲ್ಲಿರುವ ಎಷ್ಟೋ ಜನರಿಗೆ ತಕ್ಕ ಮನೆ, ಸಹಾಯಕರು ಸಿಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಗುತ್ತದೆ. 2023ರಲ್ಲಿ ಆ ದೇಶದಲ್ಲಿ 15,343 ಜನ ಹೀಗೆ ಸತ್ತರು, ಒಟ್ಟು ಸಾವುಗಳ ಶೇ 4.7. ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರು, ಸಹಾಯ ಕೇಳಿ ಫೋನು ಮಾಡಿದ ಮಾಜಿ ಸೈನಿಕರಿಗೆ, ಕೇಳದೆಯೇ ಈ ದಾರಿ ಸೂಚಿಸಿದ್ದರೆಂದು 2022ರಲ್ಲಿ ಸಚಿವರೇ ಒಪ್ಪಿಕೊಳ್ಳಬೇಕಾಯಿತು.

ಮೊದಲು ಗುಟ್ಟಾಗಿ ನಡೆಯುತ್ತಿತ್ತು, ಈಗ ದಾಖಲೆಗೆ ಬಂದಿದೆ ಎಂಬ ವಾದ ಹಳೆಯದು. ಲಂಚ ನಡೆದೇ ನಡೆಯುತ್ತದೆ ಎಂದು ಅದಕ್ಕೊಂದು ರಸೀದಿ ಪುಸ್ತಕ ಅಚ್ಚು ಹಾಕಿಸಿದ ಹಾಗಾಯಿತು. ಅದೂ ಪೂರ್ತಿ ದಾಖಲೆಯಲ್ಲ. ನೂರಕ್ಕೆ 80 ವರದಿಯಾದರೆ ಉಳಿದ ಇಪ್ಪತ್ತು ಎಲ್ಲಿ? ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ 2007ರ ಸಾವುಗಳನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ದಯಾಮರಣಗಳಲ್ಲಿ ಆಯೋಗಕ್ಕೆ ವರದಿಯಾದದ್ದು ಸುಮಾರು ಅರ್ಧ.

ಸ್ಪೇನ್‌ನ ಇಬ್ಬರು ಸದಸ್ಯರ ಒಪ್ಪಿಗೆ, ಇಂಗ್ಲೆಂಡಿನ ಮಸೂದೆಯ ಮೂವರ ತಂಡ, ಇವು ಸತ್ತ ಮೇಲಿನ ಪರಿಶೀಲನೆಗಿಂತ ಮೇಲೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಯೂ ಹೆಚ್ಚಿನ ಕೆಲಸ ಕಡತದ ಮೇಲೆ. ಇಂಗ್ಲೆಂಡಿನ ಮಸೂದೆಯಲ್ಲಿ ತಂಡದ ಜೊತೆ ರೋಗಿಯ ಮಾತುಕತೆ ವಿಡಿಯೊ ಕರೆಯಲ್ಲೇ ಮುಗಿಯಲು ಅವಕಾಶವಿತ್ತು. ವಿಡಿಯೊದಲ್ಲಿ ಅಮ್ಮನ ಮುಖ ಕಾಣುತ್ತಿತ್ತು, ತಲೆದಿಂಬಿನ ಹಿಂದಿನ ಗೋಡೆ ಕಾಣುತ್ತಿರಲಿಲ್ಲ. ಕೋರಿಕೆ ಬಂದ ಮೇಲೆ ಆ ಮನೆಗೆ ಹೋಗುವವರು ಯಾರು, ಎಷ್ಟು ಸಲ ಹೋಗಬೇಕು, ನೋವಿಗೆ ಮದ್ದು ಬದಲಿಸುವ, ಆರೈಕೆಗೆ ಜನ ಒದಗಿಸುವ ಅಧಿಕಾರ ಅವರಿಗೆ ಇದೆಯೇ, ಅದರ ಖರ್ಚು ಯಾರದು ಎಂಬುದು ಔಷಧಿಯ ಹೆಸರಿಗಿಂತ ಮೊದಲು ಕಾನೂನಿನಲ್ಲಿ ಇರಬೇಕು. ಅದಿಲ್ಲದ ಯಾವ ಮಸೂದೆಗೂ ನನ್ನ ಒಪ್ಪಿಗೆ ಇಲ್ಲ.